ಕಂತು

ಮೊದಲನೇ ಮನಿ ಕಂತಿದ್ದು ಹಿನ್ನೀರಿನ್ಯಾಗ.
ಹೊತ್ತು ಕಂತಿಧಂಗ, ಅವಸರಿಲ್ಲದ,
ಮೊದಲು ಕಟ್ಟಿ, ಆಮ್ಯಾಲ ಹೊಸ್ತಿಲ,
ಆಮ್ಯಾಲ ಅವ್ವ ಬಿಸಿಲಿಗೆ ಕೂಡತಿದ್ದ ಜಾಗ.
ನೀರಿನ ಮುಂದ ಅರ್ಜಿ ಇಡಾಕ ಬರಂಗಿಲ್ಲ.
ಅದಕ್ಕ ಕುರ್ಚಿ ಇಲ್ಲ, ಊಟದ ಬಿಡುವಿಲ್ಲ,
"ನಾಳೆ ಬರ್ರಿ" ಅನ್ನೂ ಬಾಯಿಲ್ಲ.

ಎರಡನೇದು ನವನಗರದಾಗ,
ಸೆಕ್ಟರ್ ನಲವತ್ತೊಂದು.
ಬಾಗಲಾ ಚೌಕಟ್ಟಷ್ಟ ಹಳೇದು,
ಟ್ರ್ಯಾಕ್ಟರಿನ್ಯಾಗ ಮಲಗಿಸಿಕೊಂಡು ತಂದದ್ದು.
ಉಳದದ್ದೆಲ್ಲಾ ಬ್ಯಾಂಕಿಂದು.
ಇದಕ್ಕೂ ಕಂತು ಅಂತಾರ ನೋಡ್ರಿ.
ಒಂದ ಶಬ್ದ,
ಮುಳುಗೂದಕ್ಕೂ, ಮುಳುಗಧಂಗ ಇರಾಕೂ.

ತಿಂಗಳಿಗೆ ಹನ್ನೊಂದು ಸಾವಿರದ ನಾನೂರು.
ನನ್ನ ಖಾನಾವಳಿ ಲೆಕ್ಕದಾಗ
ಒಂದು ಸಾವಿರದ ನೂರಾ ನಲವತ್ತು ರೊಟ್ಟಿ,
ಹಿಟ್ಟು, ಗ್ಯಾಸು, ಕೈನೋವು ಬಿಟ್ಟು.
ಹಾಸ್ಟೆಲ್ಲಿನವರು ತಮ್ಮದ ಮೆಸ್ ತೆರೆದ ಮ್ಯಾಲ
ತೊಂಬತ್ತು ತಾಟು ಇದ್ದದ್ದು ಇಪ್ಪತ್ತಾರಕ್ಕ ಇಳೀತು.
ಒಂದು ಕಂತು ತಪ್ಪಿತು. ಎರಡು.
ಬಂದ ಲಕೋಟಿ ಒಡೀಲಿಲ್ಲ ನಾನು,
ಸಜ್ಜಿ ಹಿಟ್ಟಿನ ಡಬ್ಬಿ ತಳಕ್ಕ ಹಾಕಿ ಮ್ಯಾಲ ಹಿಟ್ಟು ಸುರುವಿದೆ.
ಫೋನ್ ಬಂದ್ರ, ಕುಕ್ಕರ್ ಕೂಗತೈತಿ, ಆಮ್ಯಾಲ ಮಾಡ್ರಿ ಅಂದೆ.
ಕುಕ್ಕರ್ ಯಾವಾಗಲೋ ಆರಿತ್ತು.

ನಾಕನೇ ತಿಂಗಳು ಒಬ್ಬ ಹುಡುಗ ಬಂದ,
ವಸೂಲಿಯವ. ಹೆಲ್ಮೆಟ್ ತಗದ, ಕೈ ತೊಳದ,
ಎರಡು ರೊಟ್ಟಿ, ಎಣಗಾಯಿ, ಅಗಸಿ ಹಿಂಡಿ
ಉಂಡು, ರೊಕ್ಕ ತಾಟಿನ ಬಾಜೂ ಇಟ್ಟು ಅಂದ:
"ಅಕ್ಕಾರ, ಈ ವಾರ ನೀವ ಬ್ರಾಂಚಿಗೆ ಹೋಗ್ರಿ.
ಫೈಲು ಹುಬ್ಬಳ್ಳಿಗೆ ಹೋತಂದ್ರ
ನಿಮ್ಮ ಮಾರಿ ನೋಡಿದವರು ಅಲ್ಲಿ ಯಾರೂ ಇರಂಗಿಲ್ಲ."

ರಾತ್ರಿ ಡಬ್ಬಿ ಬರಿದು ಮಾಡಿ ಲಕೋಟಿ ಝಾಡಿಸಿದೆ.
ಹಿಟ್ಟು ಹಾರಿ ದೇವರ ಫೋಟೋದ ಮ್ಯಾಲೂ ಕೂತಿತು.
ಮಗಳು ಒಂದೊಂದ ಓದಿ ಹೇಳಿದಳು.
ಮೂರನೇದರಾಗ ಬರದಿತ್ತು,
ತೊಂದ್ರಿ ಇದ್ರ ಬಂದು ಭೆಟ್ಟಿ ಆಗ್ರಿ ಅಂತ.
ಇಷ್ಟು ದಿನ ಆ ಮಾತು ಹಿಟ್ಟಿನ ಬುಡಕ ಇತ್ತು.

ಮುದಗಲ್ ಸಾಹೇಬ್ರು ಕೇಳಿದ್ರು: ಆದಾಯದ ಪುರಾವೆ?
ನನಗೆಲ್ಲೀ ಪಗಾರ ಚೀಟಿ.
ಉದ್ರಿ ವಹಿ ತಗದು ಮೇಜಿನ ಮ್ಯಾಲಿಟ್ಟೆ,
ಎಣ್ಣಿ ಕಲಿ, ಅರಿಷಿಣದ ಬೆರಳು.
ಓದಿದ್ರು. ಒಂದು ಪುಟದಾಗ ನಿಂತ್ರು.
"ಈ ಹೆಸರಿನ ಮ್ಯಾಲ ಗೆರಿ ಎದಕ?"
ಆ ಹುಡುಗ ಓಣಿ ಬದಲಿಸಿ ಅಡ್ಡಾಡತಾನ್ರಿ.
"ಇವನ ಬಾಕಿ ಇನ್ನೂ ಹೆಚ್ಚೈತಿ, ಗೆರಿ ಇಲ್ಲಲ್ಲ?"
ಅಂವ ಬಂದು ಹೇಳ್ಯಾನ್ರಿ, ಅಪ್ಪಗ ಆಪರೇಶನ್ ಅಂತ.
ಹೇಳತಿದ್ದಂಗ ನನ್ನ ನಾಲಿಗಿ ನಿಂತಿತು.
ಸಾಹೇಬ್ರು ಏನೂ ಅನ್ನಲಿಲ್ಲ.
ವಹಿ ಮುಚ್ಚಿ ನನ್ನ ಕಡೆ ಸರಿಸಿದ್ರು, ಮೆತ್ತಗ,
ಬಿಸಿ ತಾಟು ಸರಿಸಿಧಂಗ.

ಮೂರು ತಿಂಗಳು ಬರೇ ಬಡ್ಡಿ.
ಆಮ್ಯಾಲ ಏಳು ಸಾವಿರದ ಒಂಬೈನೂರು.
ಮುಗಿಯೂದು ಏಳು ವರ್ಷ ತಡಾ.
"ಒಟ್ಟು ಲೆಕ್ಕಕ್ಕ ಬಡ್ಡಿ ಹೆಚ್ಚು ಬೀಳತೈತಿ, ತಿಳಕೊಂಡು ಸಹಿ ಮಾಡ್ರಿ,"
ಅವರ ಹೇಳಿದ್ರು, ನಾ ಕೇಳೂಕಿಂತ ಮೊದಲ.
ಅರವತ್ತಾರಕ್ಕ ತೀರತೈತಿ ಸಾಲ,
ಮೊಣಕಾಲು ಅಲ್ಲೀತನಕ ತಡದ್ರ.
ಒಂಬತ್ತು ಕಡೆ ಸಹಿ. ಚನ್ನಬಸವ್ವ, ಚನ್ನಬಸವ್ವ.
ಆರನೇದರಾಗ ಒತ್ತು ಮರತೆ, ಮತ್ತ ಬರಿಸಿದ್ರು.

ಖುಷಿ? ಹಂಗೇನಿಲ್ಲ.
ಸಂಜಿಮುಂದ ಚೌಕಟ್ಟಿಗೆ ಬೆನ್ನು ಕೊಟ್ಟು ಕೂತೆ.
ಅದರ ಬುಡಕ್ಕ ಹಳೇ ನೀರಿನ ಗೆರಿ ಇನ್ನೂ ಐತಿ,
ಗೇಣುದ್ದ, ಎಷ್ಟು ತಿಕ್ಕಿದ್ರೂ ಹೋಗಲಾರದ್ದು.
ಮಾತಾಡಿದ್ರ ನೀರು ಇಳೀತೈತಿ ಅಂತ ನಾ ಹೇಳಂಗಿಲ್ಲ.
ಡಬ್ಬಿ ಮುಚ್ಚಿದ್ರ ಏರತೈತಿ, ಅಷ್ಟ ಖರೆ.

ಓಣಿ ಆಚೆ ಬಾಜೂ ತಲಿ ಕೆಳಗ ಹಾಕಿ ಹೊಂಟಿದ್ದ
ಗೆರಿ ಎಳದ ಹೆಸರಿನ ಹುಡುಗ.
"ಏ ತಮ್ಮಾ," ಅಂದೆ, "ಬೈಯಂಗಿಲ್ಲ, ಬಾ.
ತಿಂಗಳಿಗೆ ಎಷ್ಟ ಆದೀತು, ಅದನ್ನಷ್ಟ ಹೇಳು."
ಅಂವ ನಿಂತ,
ಚಪ್ಪಲಿ ಬಿಡಬೇಕೋ ಬ್ಯಾಡೋ ತಿಳೀಲಾರದ.