ಹಿನ್ನೆಲೆ, ಇಪ್ಪತ್ತು ಪದಗಳಲ್ಲಿ

ಒಬ್ಬೊಬ್ಬರಿಗೆ ಇಪ್ಪತ್ತೇ ಪದ, ಎಂದೆ.
ಕರಪತ್ರದ ಹಿಂಬದಿ ಇರುವುದೇ ಅಷ್ಟು;
ಮುಂಬದಿಯನ್ನು ಬೇಡಿಕೆಗಳು ಆಗಲೇ ನುಂಗಿವೆ:
ಸಭೆ ಸಂಜೆ ಏಳಕ್ಕೆ ಸೇರಲಿ,
ದುಡಿಯುವವರು ದುಡಿಯುತ್ತಿರುವ ಬೆಳಗಿನ ಹತ್ತಕ್ಕಲ್ಲ.
ಲೆಕ್ಕದ ಪುಸ್ತಕ ಗ್ರಂಥಾಲಯದ ಮೇಜಿನ ಮೇಲಿರಲಿ.
ಮೂವರೇ ಕಮಿಷನರುಗಳು ಬೇಡ, ಊರಿಗೊಬ್ಬರಂತೆ ಒಂಬತ್ತು ಜನ ಬರಲಿ.

ವಿಕ್‌ಹ್ಯಾಮ್ ಕೌಂಟಿಯಲ್ಲಿ ಮುದ್ರಣದ ಅಂಗಡಿ ನನ್ನದು.
ಈರೀ ಸರೋವರದ ಗಾಳಿಗೆ ಬಾಗಿಲು ಸದಾ ಕಿರುಗುಡುತ್ತದೆ.
ಮದುವೆ, ಚರ್ಚಿನ ಶುಕ್ರವಾರದ ಮೀನೂಟ, ಕಳೆದುಹೋದ ನಾಯಿ,
ಯಾರ ಬದುಕನ್ನೇ ತಂದರೂ
ಅಂಚು ಕತ್ತರಿಸಿ ಕೊಡುವುದು ನನ್ನ ಕಸುಬು.

ಮೊದಲು ಬಂದವಳು ಲುಡ್ಮಿಲಾ ಹ್ರೂಷ್ಕಾ.
ಶಾಲೆಯ ಬಸ್ಸು ಓಡಿಸಿದವಳು, ಮೂವತ್ತೊಂದು ವರ್ಷ ಸತತ.
ಅಷ್ಟು ಸಾಕಲ್ಲ, ಎಂದೆ. ಸಾಲದು.
ಹಳೆಯ ಗಿರಣಿಯ ಹತ್ತಿರದ ಸೇತುವೆ ಬಂದರೆ
ಬಸ್ಸಿನ ಆರು ಗಾಲಿಗಳೂ ಉಸಿರು ಬಿಗಿಹಿಡಿಯುತ್ತಿದ್ದವಂತೆ.
ಹನ್ನೆರಡು ಪತ್ರ ಬರೆದಳು.
ಹನ್ನೆರಡಕ್ಕೂ ಬಂದದ್ದು ಒಂದೇ ಉತ್ತರ:
ತಮ್ಮ ಕಾಳಜಿಗೆ ಧನ್ಯವಾದಗಳು.
ಅವಳ ಹೆಸರು ಮಾತ್ರ ಹನ್ನೆರಡು ಬಗೆಯಾಗಿ ತಪ್ಪು.
ಆಮೇಲೆ ಮಕ್ಕಳಿಗೊಂದು ಆಟ ಕಲಿಸಿದಳು,
ಸೇತುವೆ ದಾಟುವ ತನಕ ಯಾರೂ ಪಿಟಕ್ಕೆನ್ನಬಾರದು.
ಆ ಮಕ್ಕಳಿಗೀಗ ಮಕ್ಕಳು.
ಅವೂ ಅಲ್ಲಿ ಬಾಯಿ ಮುಚ್ಚುತ್ತವೆ,
ಯಾಕೆಂದು ಯಾರಿಗೂ ಗೊತ್ತಿಲ್ಲ.

ಡೆಲ್ಫೀನ್ ಓಕ್ಸ್ ಬರೆದು ತಂದದ್ದು ಮೂರೇ ಪದ:
ತಾಯಿ. ಬಾಡಿಗೆದಾರಳು. ಸಿಟ್ಟಿಗೆದ್ದಿದ್ದೇನೆ.
ಉಳಿದ ಹದಿನೇಳು?
ಬೇಕಾದವರಿಗೆ ಕೊಡು, ಎಂದಳು,
ಕೈಚೀಲ ಎತ್ತಿಕೊಂಡು ಪಾಳಿಗೆ ಹೊರಟಳು.

ಕೊನೆಗೆ ಹಾರ್ಲನ್ ಟೀಗ್.
ಟೊಪ್ಪಿಗೆ ತೆಗೆದು, ಮಡಿಸಿದ ಚೀಟಿ ಬಿಡಿಸಿ,
ನನಗೆ ಕೊಡದೆ ತಾನೇ ಓದಿದ:
"ಕೌಂಟಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದೆ.
ಬಂದ ದೂರುಗಳ ಮೇಲೆ 'ಸ್ವೀಕರಿಸಿದೆ' ಎಂದು ಮುದ್ರೆ ಒತ್ತಿ,
ಓದದೆ, ಕೆಳಗಿನ ಖಾನೆಗೆ ಹಾಕಿದವರಲ್ಲಿ ನಾನೂ ಒಬ್ಬ.
ಸೇತುವೆಯ ಆ ಹನ್ನೆರಡು ಪತ್ರಗಳೂ ಅಲ್ಲಿದ್ದವು."

ಬಾಗಿಲೂ ಕಿರುಗುಡಲಿಲ್ಲ.

ಸುಧಾರಣೆಯ ಸಂಘಕ್ಕೆ ಇದೆಂಥ ಪರಿಚಯ, ಎಂದರು ಯಾರೋ.
ಎದುರಾಳಿಯ ಕೈಗೆ ನಾವೇ ಕೋಲು ಕೊಟ್ಟ ಹಾಗೆ.
ಬರೀ 'ಆಡಳಿತದಲ್ಲಿ ಅನುಭವ' ಎಂದು ಹಾಕೋಣ.
ಹಾರ್ಲನ್ ಟೊಪ್ಪಿಗೆಯ ಅಂಚನ್ನು ತಿರುಗಿಸುತ್ತ ನಿಂತಿದ್ದ.
ಅದು ಸುತ್ತಿ ಸುತ್ತಿ ಮೊದಲಿನ ಜಾಗಕ್ಕೇ ಬರುತ್ತಿತ್ತು.

ನಾನು ಎಣಿಸಿದೆ. ಎಣಿಸುವುದೊಂದೇ ನನಗೆ ಬರುವುದು.
ಇಪ್ಪತ್ತಮೂರು. ಮೂರು ಹೆಚ್ಚು.
ಡೆಲ್ಫೀನ್ ಬಿಟ್ಟದ್ದರಲ್ಲಿ ತೆಗೆದುಕೊಂಡರಾಯಿತು, ಎಂದೆ.

"ಬೇಡ," ಎಂದಳು ಲುಡ್ಮಿಲಾ. ಆವರೆಗೆ ಮಾತಾಡಿರಲಿಲ್ಲ,
ಸೇತುವೆ ದಾಟುವವಳ ಹಾಗೆ.
"ಪತ್ರ ನನ್ನವು. ಪದವೂ ನನ್ನದರಿಂದಲೇ ಹೋಗಲಿ."
ನನ್ನ ಪೆನ್ಸಿಲು ಕೇಳಿ ಪಡೆದು
'ಮೂವತ್ತೊಂದು ವರ್ಷ ಸತತ' ಎಂಬಲ್ಲಿ
ನೇರ ಗೆರೆ ಎಳೆದಳು, ಬಸ್ಸಿನವರ ಕೈ, ನಡುಗಲಿಲ್ಲ.
ಅವನತ್ತ ನೋಡಲಿಲ್ಲ. ಕ್ಷಮಿಸಿದಳೆಂದು ನಾನು ಹೇಳಲಾರೆ.

ಏಳಕ್ಕೆ ಕಟ್ಟುಗಳನ್ನು ಹೊತ್ತು ಹೋದರು.

ಹಿಂದಿನ ಕೋಣೆಯಲ್ಲಿ ಕೌಂಟಿಯ ರಸೀದಿ ಪುಸ್ತಕಗಳಿವೆ,
ಟೆಂಡರಿಲ್ಲದೆ ಬಂದ ಕೆಲಸ, ಭಾವಮೈದುನನ ಒಂದು ಫೋನಿಗೆ.
'ಸ್ವೀಕರಿಸಿದೆ' ಎಂಬ ಆ ಮುದ್ರೆ,
ಅದರ ರಬ್ಬರು ಕೊರೆದು ಕೊಟ್ಟವನೂ ನಾನೇ.
ಅಕ್ಷರ ಚೆನ್ನಾಗಿ ಮೂಡುತ್ತದೆಂದು
ಆಗ ಹೊಗಳಿದ್ದರು.

ಡೆಲ್ಫೀನಳ ಹದಿನೇಳು ಪದ
ಇನ್ನೂ ಮೇಜಿನ ಮೇಲಿವೆ.
ಪೆನ್ಸಿಲು ಚೂಪು ಮಾಡಿ ಕೂತಿದ್ದೇನೆ.
ಮಡಿಚಿಟ್ಟ ಹಾಗಿದೆ ನಾಲಿಗೆ.