ಒಳಮಡಿಕೆ

ಡಂಡೀಯ ಈ ನಾಟಕಶಾಲೆಯ ನೆಲಮಾಳಿಗೆಗೆ
ಕಿಟಕಿಯಿಲ್ಲ. ಹೊರಗೆ ಹವಾ ಹೇಗಿದೆಯೆಂದು
ಬಂದವರ ಕೋಟು ಮುಟ್ಟಿ ತಿಳಿಯುತ್ತೇನೆ.
ಇವತ್ತು ಒದ್ದೆ. ಹೆಗಲ ಮೇಲೆ ಉಪ್ಪು.

ಮೂರನೇ ಕಾವಲುಗಾರನ ಕೋಟು ಒಗೆದು ತೆಗೆದರೆ
ಜೇಬಿನಲ್ಲಿ ಮುದ್ದೆಯಾದ ಕಾಗದ.
ಬಿಡಿಸಿ ರೇಡಿಯೇಟರಿನ ಮೇಲೆ ಹರವಿದೆ.
‘ಕುಮಾರಿ ಮೋರ್ವೆನ್ ಗೆಡಿಸ್, ನಿಮಗೆ ಸೀಟು...’
ಆಮೇಲೆಲ್ಲ ನೀಲಿ ರಾಡಿ.
ಕೊನೆಯಲ್ಲಿ ‘ಶುಕ್ರವಾರ’ ಅನ್ನುವ ಪದವೊಂದು
ಹಲ್ಲು ಕಚ್ಚಿ ಉಳಿದಿದೆ.

ಎರಡು ತಾಸು ಈಟಿ ಹಿಡಿದು ನಿಲ್ಲುತ್ತಾಳೆ ಹುಡುಗಿ.
ಒಂದೂ ಮಾತಿಲ್ಲ.
ರಾಣಿ ಸತ್ತಾಗ ಒಮ್ಮೆ ತಲೆ ತಗ್ಗಿಸಬೇಕು, ಅಷ್ಟೆ.
ಅದನ್ನೇ ದಿನಕ್ಕೊಂದು ಥರ ತಗ್ಗಿಸುತ್ತಾಳೆ.
ನಿರ್ದೇಶಕ ಗಮನಿಸಿಲ್ಲ.
ನಾನು ಪರದೆಯ ಸಂದಿಯಿಂದ ಎಣಿಸಿದ್ದೇನೆ:
ಹನ್ನೊಂದು ಆಟ, ಹನ್ನೊಂದು ದುಃಖ.

‘ಶೀನಾ, ಲಂಡನ್ನಿಗೆ ಹೋಗಿಬಿಡಲೋ,
ಒಂದು ವರ್ಷ ಹೀಗೇ ಇರಲೋ?’
ನಸುಕಿನ ನಾಲ್ಕಕ್ಕೆ ಬೇಕರಿ, ಸಂಜೆ ಈಟಿ,
ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟು.
ಅಮ್ಮ ನರ್ಸು, ಓದು ಮೊದಲು ಅನ್ನುತ್ತಾಳಂತೆ.
ರಂಗವೇ ಶಾಲೆ ಅನ್ನುತ್ತಾನಂತೆ ನಿರ್ದೇಶಕ,
ತಾನು ಮಾತ್ರ ಮೂರು ವರ್ಷ ಕಾಲೇಜಿನಲ್ಲಿ ಕೂತು ಬಂದವನು.

ನನ್ನ ತಮ್ಮ ರೂರಿ ಹೋಗಿದ್ದ.
ಬೀಳುವುದು ಹೇಗೆಂದೇ ಒಂದಿಡೀ ಚಳಿಗಾಲ ಕಲಿಸಿದರು.
ಈಗ ಪರ್ತ್‌ನಲ್ಲಿ ಜಮಖಾನ ಮಾರುತ್ತಾನೆ.
ಹೋದ ಜನವರಿ ಹಿಮಗಟ್ಟಿದ ರಸ್ತೆಯಲ್ಲಿ ಜಾರಿದ ನೋಡು,
ಎಂಥ ಚೆಂದ ಬಿದ್ದ!
ಒಂದು ಎಲುಬೂ ಮುರಿಯಲಿಲ್ಲ.
ಸಾಲ ಇನ್ನೂ ತೀರಿಲ್ಲ.

ನಾನು ಹೋಗಲಿಲ್ಲ.
ಒಂದೇ ವರ್ಷ, ನಾಲ್ಕು ಕಾಸು ಕೂಡಿಟ್ಟು ಹೊರಡುತ್ತೇನೆಂದು
ಈ ಸೂಜಿ ಹಿಡಿದೆ.
ಆ ಒಂದು ವರ್ಷಕ್ಕೆ ಈಗ ಮೂವತ್ತೊಂದು ತುಂಬಿತು.
ಬೇಸರವೇನೂ ಇಲ್ಲ.
ಸುಳ್ಳು. ಸ್ವಲ್ಪ ಇದೆ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಒಂದು ಲಂಗ ತಿರುವಿ ಹಾಕಿ ತೋರಿಸಿದೆ:
ಒಳಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ.
ನೋಡುವವರಿಗೆ ಕಾಣದು.
ತೊಟ್ಟವಳು ಬೆಳೆದರೆ ಬಿಚ್ಚಿ ಹೊಲಿಯಬಹುದು.
ಮೂರು ಬೆರಳಾಯಿತೋ,
ಅಂಚು ಜೋತು ನಡಿಗೆಯೇ ಕೆಡುತ್ತದೆ.
‘ಎಷ್ಟು ಬಿಡಬೇಕೆಂದು ಹೇಗೆ ಗೊತ್ತಾಗುತ್ತೆ?’
‘ಹದಿನಾಲ್ಕು ಲಂಗ ಹಾಳು ಮಾಡಿದೆ’ ಅಂದೆ.
ನಕ್ಕಳು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತು.

ಗರಿಗರಿ ಒಣಗಿದ ಕಾಗದ ಕೊಟ್ಟೆ.
‘ಇವತ್ತು ಯಾವ ವಾರ?’
‘ಗುರುವಾರ.’
ಅದೇ ಜೇಬಿಗಿಟ್ಟು ಮೆಟ್ಟಿಲು ಹತ್ತಿದಳು.

ರಾತ್ರಿ ರಾಣಿ ಸತ್ತಳು.
ಎಲ್ಲರ ತಲೆ ತಗ್ಗಿತು, ಇವಳದೊಂದು ಬಿಟ್ಟು.
ಕತ್ತಲಲ್ಲಿ ಕೂತವರ ಆಚೆ
ಬಾಗಿಲ ಮೇಲಿನ ಹಸಿರು ದೀಪವನ್ನೇ ನೋಡುತ್ತ ನಿಂತಳು.
ಮೊದಲ ಸಲ ಜನ
ಮೂರನೇ ಕಾವಲುಗಾರನತ್ತ ತಿರುಗಿದರು.

ಈಗ ಮೆಟ್ಟಿಲ ಮೇಲೆ ನಿರ್ದೇಶಕನ ಬೂಟಿನ ಸದ್ದು,
ಬಯ್ಯಲು ಬರುತ್ತಿದ್ದಾನೆ.
ಕೋಟು ಬಿಚ್ಚಿ ಕೊಟ್ಟಳು.
ಈ ಸಲ ಒಗೆಯುವ ಮೊದಲೇ ಜೇಬು ತಡಕಿದೆ.
ಖಾಲಿ.