ಎಡಗಣ್ಣಿನ ಹಲ್ಲು

ಸ್ವಿಚ್ಚು ಒತ್ತಿದರೆ ಬಲಗಣ್ಣು ಥಟ್ಟನೆ ಏಳುತ್ತದೆ.
ಎಡದ್ದು ಕರಕರ ಎಂದು
ಅರ್ಧಕ್ಕೆ ಬಂದು, ಅದುರಿ, ಮತ್ತೆ ಮಲಗುತ್ತದೆ.
ಹೆಣ್ಣಿಗೆ ಎಡಗಣ್ಣು ಅದುರಿದರೆ ಒಳ್ಳೆಯದಂತೆ.
ಈ ಕಾರು ಹೆಣ್ಣೋ ಗಂಡೋ
ಮುಲ್ಕಿಯಾದಲ್ಲಿ ಬರೆದಿಲ್ಲ.
ತೊಂಬತ್ತೊಂದರ ಸೆಲಿಕಾ, ಬಾಗಿಲು ಎರಡು, ಬಣ್ಣ ಕೆಂಪು
ಎಂದಿದೆ ಅಷ್ಟೆ.
ಕೆಂಪು ಈಗ ಬಾನೆಟ್ಟಿನ ಒಳಮೈಗೆ ಮಾತ್ರ ನೆನಪಿದೆ.

ವಾದಿ ಕಬೀರಿನ ಈ ಕಟ್ಟಡದ ಕೆಳಗೆ
ಆಗಸ್ಟಿನ ರಾತ್ರಿ ಹನ್ನೊಂದಕ್ಕೂ ಗಾಳಿ ಒದ್ದೆ ಗೋಣಿ.
ಹಿಡಿದ ಸ್ಪಾನರು ಬೆವರಿಗೆ ಜಾರಿ
ಎಂಜಿನ್ನಿನ ಸಂದಿಗೆ ಬಿತ್ತು.
ಹತ್ತನೇ ನಂಬರಿನದ್ದೇ. ಯಾವಾಗಲೂ ಅದೇ.

ಬರ್ಕಾದ ಖಲ್ಫಾನ್ ಕೊಟ್ಟದ್ದು, ನಾನೂರೈವತ್ತು ರಿಯಾಲಿಗೆ.
ಖರ್ಜೂರದ ಗರಿಯ ಮಾಡಿನಡಿ ಒಂಬತ್ತು ವರ್ಷ ನಿಂತಿತ್ತು.
ಹಿಂದಿನ ಸೀಟಿನಲ್ಲಿ ಇಲಿಯ ಸಂಸಾರ,
ಆಶ್‌ಟ್ರೇ ತುಂಬ ಖರ್ಜೂರದ ಬೀಜ.
ಕೀಲಿ ಕೊಡುವಾಗ ಕೇಳಿದ:
ಓಡಿಸುವುದು ನಿನ್ನ ಗಂಡನೋ?
ಗಂಡನಿಗೆ ಕಾರೆಂದರೆ ಎ.ಸಿ. ಎಂದೆ.
ನಕ್ಕ. ಮುಂದಿನ ಎರಡು ಇರಲಿಲ್ಲ.
ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಹಗಲು ನನ್ನದು ಹಲ್ಲಿನ ಕೆಲಸ.
ರೂವಿಯ ಲ್ಯಾಬು, ಕಿಟಕಿಯಿಲ್ಲದ ಕೋಣೆ,
ಮುಖ ಕಾಣದ ಬಾಯಿಗಳಿಗೆ ಹಲ್ಲು ಕಟ್ಟುತ್ತ
ಹನ್ನೆರಡು ವರ್ಷವಾಯಿತು.
ಯಾರೋ ಇಬ್ರಿಯಲ್ಲಿ ನನ್ನ ದವಡೆಯಿಂದ ಮಾಂಸ ಅಗಿಯುತ್ತಾರೆ,
ಯಾರೋ ಸೂರಿನಲ್ಲಿ ನೀರಿನ ಲೋಟಕ್ಕೆ
ನನ್ನ ಕೈಕೆಲಸ ಹಾಕಿ ಮಲಗುತ್ತಾರೆ.
ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಗೆ
ನಮ್ಮಲ್ಲಿ ಬೆಲೆಯಿಲ್ಲ;
ಕಡಲೆ ಕೈಗೆ ಬಂದ ಮೇಲೆಯೇ ಜನ ನಮ್ಮ ಹತ್ತಿರ ಬರುವುದು.

ಎರಡು ಸಲ ಪಾಸಿಂಗಿನಲ್ಲಿ ಫೇಲು.
ಮೊದಲನೆಯದು ಸೈಲೆನ್ಸರಿನ ಗದ್ದಲಕ್ಕೆ,
ಗಾಲಿ ಮಡ್‌ಗಾರ್ಡಿನಿಂದ ಎರಡು ಬೆರಳು ಹೊರಗೆ ಇಣುಕಿದ್ದಕ್ಕೆ.
ನನ್ನ ಚಪಲಗಳನ್ನು ಒಂದೊಂದೇ ಬಿಚ್ಚಿ
ಮಂಚದ ಕೆಳಗಿಟ್ಟೆ:
ಅಗಲದ ಗಾಲಿ, ಗಿಡ್ಡ ಸ್ಪ್ರಿಂಗು, ಸ್ಟೀಲಿನ ಕೊಳವೆ.
ಮದುವೆಯಿಂದ ಬಂದು ನೈಟಿ ತೊಟ್ಟವಳ ಹಾಗೆ ನಿಂತಿತು ಕಾರು.
ಎರಡನೆಯ ಸಲ ಪೊಲೀಸ್ ಹುಡುಗ
ಎಡಗಣ್ಣಿಗೆ ಬೆರಳು ತೋರಿಸಿ
ಮಾಫಿ, ಎಂದ.
ನಮ್ಮ ಮಾತಿನಲ್ಲಾದರೆ ಬಿಟ್ಟುಕೊಟ್ಟ ಹಾಗೆ.
ಅವನ ಮಾತಿನಲ್ಲಿ, ಇಲ್ಲ.

ಮೋಟರು ಬಿಚ್ಚಿದರೆ ಒಳಗೆ ನೈಲಾನಿನ ಗಿಯರು,
ನಾಲ್ಕು ಹಲ್ಲು ಸವೆದು ಬರೀ ಒಸಡು.
ಕಂಪನಿಯವರು ಇದನ್ನು ಮಾಡುವುದು ಬಿಟ್ಟು ಕಾಲವಾಗಿದೆ.
ಹಿತ್ತಾಳೆಯಲ್ಲಿ ಕಡೆಸು ಎಂದ
ಗ್ಯಾರೇಜಿನ ಗುಲ್‌ಜರೀನ್ ಉಸ್ತಾದ್,
ಚಹಾ ಮುಗಿಸುವಷ್ಟರಲ್ಲಿ ತಾನೇ ತಲೆಯಾಡಿಸಿದ:
ಬೇಡ. ಹಿತ್ತಾಳೆ ಗೆದ್ದರೆ ಮೋಟರು ಸೋಲುತ್ತದೆ.
ಮುರಿಯುವುದಿದ್ದರೆ ಅಗ್ಗದ್ದೇ ಮುರಿಯಲಿ.

ಗುರುವಾರ ಎಲ್ಲರೂ ಹೋದ ಮೇಲೆ
ಲ್ಯಾಬಿನಲ್ಲಿ ಕಳ್ಳ ಹಲ್ಲು ಕಟ್ಟಿದೆ.
ಸವೆದಲ್ಲಿ ಮೇಣ ತುಂಬಿ,
ಪಕ್ಕದ ಹಲ್ಲು ನೋಡಿ ನೋಡಿ ಕೆತ್ತಿ,
ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು,
ಬಗ್ಗುವ ಸೆಟ್ಟಿಗೆ ಹಾಕುವ ನೈಲಾನನ್ನೇ
ಕರಗಿಸಿ ಒತ್ತಿ ತುಂಬಿದೆ.
ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆದಿದ್ದರೆ
ರೋಗಿಯ ವಯಸ್ಸು ಮೂವತ್ತಮೂರು, ಬಾಯಿ ಇಲ್ಲ.
ಹೊರಬಂದದ್ದು ಗುಲಾಬಿ ಗಿಯರು.
ಒಸಡಿನದಲ್ಲದೆ ಬೇರೆ ಬಣ್ಣ ನಮ್ಮಲ್ಲಿಲ್ಲ.

ಈಗ ಸ್ವಿಚ್ಚು.
ಬಲಗಣ್ಣು ಥಟ್ಟನೆ.
ಎಡದ್ದು ಒಂದು ಉಸಿರು ತಡೆದು,
ಯೋಚಿಸಿ,
ಎದ್ದಿತು.
ಎದುರಿನ ಗೋಡೆಯ ಮೇಲೆ ಎರಡು ಬೆಳಕು,
ಒಂದು ತುಸು ಮೇಲೆ, ಒಂದು ತುಸು ಕೆಳಗೆ,
ನಡುವೆ ಯಾರದೋ ಒಣಗಲು ಹಾಕಿದ ಲುಂಗಿ.
ಮೂರನೇ ಮಹಡಿಯಿಂದ ಒಂದು ತಲೆ:
ಫ್ಲೇವಿ, ನಿದ್ದೆ ಮಾಫಿ?

ಯಿಟಿಯ ತಿರುವುಗಳು ಎಲ್ಲಿಗೂ ಹೋಗುವುದಿಲ್ಲ.
ಮೊದಲು ಆ ಹುಡುಗ ನೋಡಲಿ.
ಬಾನೆಟ್ಟು ಮುಚ್ಚಿ, ಅಡಿಯಲ್ಲಿ ಹೊಸ ರಟ್ಟು ಹಾಸಿದೆ.
ನಿನ್ನೆ ಎಣ್ಣೆ ಏಳು ತೊಟ್ಟು.